ಮಂಜಿನಲ್ಲಿ ಬೆಕ್ಕು ಕರೆದದ್ದು

ದೆಹಲಿಯ ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ನನಗೆ ‘ಬಿಲ್ಲಿ ಆಂಟಿ’, ಅಂದರೆ ಬೆಕ್ಕಿನ ಆಂಟಿ, ಅಂತಲೇ ಹೆಸರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಮುಖಕ್ಕೇ ಅನ್ನತೊಡಗಿದರು. ಅನ್ನಲಿ ಬಿಡಿ. ಕಳೆದುಹೋದ ಬೆಕ್ಕು ಹುಡುಕಿಕೊಡುವುದು, ದಿಕ್ಕಿಲ್ಲದ ಬೆಕ್ಕಿಗೆ ಒಂದು ಮನೆ ನೋಡುವುದು, ಗಂಡ ಆಫೀಸಿಗೆ ಹೋದ ಮೇಲೆ ನನಗೆ ಇದೇ ಕೆಲಸ. ಇದರಿಂದ ಬಂದದ್ದು ಕೈತುಂಬ ಪರಚಿದ ಗಾಯ, ಅಷ್ಟೆ.

ಹುಡುಕುವುದಕ್ಕೆ ನನ್ನದೊಂದು ಕ್ರಮವಿತ್ತು. ಬೆಕ್ಕು ಕಾಣೆಯಾದ ಕೂಡಲೇ ಜನ ಬೀದಿ ಬೀದಿ ಅಲೆಯುತ್ತಾರೆ. ಅದೆಲ್ಲ ದಂಡ. ಬೆಕ್ಕು ಅಲ್ಲೇ ಎಲ್ಲೋ ಅಡಗಿ ನಿಮ್ಮನ್ನೇ ನೋಡುತ್ತಿರುತ್ತದೆ. ಅದಕ್ಕೆ ಅನ್ನ ಹಾಕುತ್ತಿದ್ದವರು, ಹಾಕುತ್ತಿದ್ದ ಹೊತ್ತಿಗೇ, ಒಗೆಯದ ಬಟ್ಟೆ ತೊಟ್ಟು, ದಿನಾ ಕರೆಯುತ್ತಿದ್ದ ಮಾತಿನಲ್ಲೇ ಕರೆಯಬೇಕು. ಹೊತ್ತು, ವಾಸನೆ, ದನಿ ಮೂರೂ ಕೂಡಿದರೆ ಬಂದೇ ಬರುತ್ತದೆ. ಆದರೆ ಅನ್ನ ಹಾಕುತ್ತಿದ್ದವರೇ ತೀರಿಹೋಗಿದ್ದರೆ ಏನು ಮಾಡಬೇಕು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಆ ವರ್ಷದ ಜನವರಿಯಲ್ಲಿ ಒಬ್ಬ ಹುಡುಗಿ ಫೋನ್ ಮಾಡಿದಳು. ಕನ್ನಡದವರ ಮನೆಯ ಮಗು, ಹತ್ತನೇ ಕ್ಲಾಸು, ಮಾತೆಲ್ಲ ಹಿಂದಿ. ಯಮುನೆಯ ಆಚೆ, ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮನೆ. ಅವಳ ತಾಯಿ ಕೇಂದ್ರ ಸರ್ಕಾರದ ಆಫೀಸೊಂದರಲ್ಲಿ ಕ್ಲಾರ್ಕ್ ಆಗಿದ್ದವರು, ಡಿಸೆಂಬರಿನಲ್ಲಿ ಆಫೀಸಿನಲ್ಲೇ ಕುಸಿದುಬಿದ್ದು ಹೋಗಿಬಿಟ್ಟಿದ್ದರು. ತಾಯಿ ಸಾಕಿದ್ದ ಬೆಕ್ಕು ಮನೆಗೆ ಬರುತ್ತಿಲ್ಲ. ಭಾನುವಾರ ಮನೆ ಖಾಲಿ ಮಾಡಿ ನೋಯ್ಡಾಕ್ಕೆ ಹೋಗಬೇಕು. ಬೆಕ್ಕು ಸಿಗದೆ ತಾನು ಹೋಗುವುದಿಲ್ಲ ಅಂತ ಹಟ ಹಿಡಿದಿದ್ದಾಳೆ. ನೀನೇ ಕರಿ ಮಗೂ ಅಂದೆ. ಅದಕ್ಕೆ ಅವಳು ಹೇಳಿದಳು:

“ವೋ ಸಿರ್ಫ್ ಕನ್ನಡ ಸಮಝ್ತೀ ಹೈ, ಆಂಟಿ. ನಂಗೆ ಅಮ್ಮನ ಥರ ಬರಲ್ಲ.”

ಕನ್ನಡ ಬಿಟ್ಟರೆ ಬೇರೇನೂ ತಿಳಿಯದ ಬೆಕ್ಕು! ಗುರುವಾರ ಮಧ್ಯಾಹ್ನವೇ ಹೋದೆ. ಎರಡನೇ ಮಹಡಿ. ಬಾಗಿಲು ತೆರೆದದ್ದೇ ಫಿನೈಲ್ ಮತ್ತು ಹೊಸ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಗೋಡೆಗಳೆಲ್ಲ ಬಿಳಿ, ಕಪಾಟು ಖಾಲಿ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಹುಡುಗಿಯ ಸೋದರತ್ತೆ ಊರಿನಿಂದ ಬಂದವರು ಮನೆಯನ್ನು ಮೂಲೆ ಮೂಲೆ ತೊಳೆಸಿ, ಸೀರೆಗಳನ್ನೆಲ್ಲ ದಾನ ಕೊಟ್ಟು, ಹಾಸಿಗೆ ಬಿಚ್ಚಿಸಿ, ಸುಣ್ಣ ಹೊಡೆಸಿ ಹೋಗಿದ್ದರು. ಅವರ ತಪ್ಪೇನಿಲ್ಲ, ಅಣ್ಣನ ಕಣ್ಣಿಗೆ ಏನೂ ಬೀಳದಿರಲಿ ಅಂತ ಮಾಡಿದ್ದು. ಅದರ ಮಾರನೆಯ ದಿನ ಬೆಕ್ಕು ಬಂದಿತ್ತಂತೆ. ಹೊಸ್ತಿಲಲ್ಲಿ ನಿಂತು ಮೂಸಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು, ಬೆನ್ನು ತಿರುಗಿಸದೆಯೇ ಇಳಿದು ಹೋಯಿತಂತೆ. ಅದನ್ನು ಹೇಳುವಾಗ ಹುಡುಗಿ ತಾನೂ ಬಾಗಿಲ ಕಡೆ ಎರಡು ಹೆಜ್ಜೆ ಹಿಂದೆ ಸರಿದು ತೋರಿಸಿದಳು.

ತಂದೆ ನೋಯ್ಡಾದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಕ್ವಾರ್ಟರ್ಸನ್ನು ಇನ್ನೂ ಕೆಲವು ತಿಂಗಳು ಇಟ್ಟುಕೊಳ್ಳಬಹುದಿತ್ತು, ಆದರೆ ಅವರಿಗೆ ಆ ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಕೆಳಗಿನ ಮನೆಯ ಪಂಜಾಬಿ ಹೆಂಗಸು ಬೇರೆ, ಬೆಳಗ್ಗೆ ಆಫೀಸಿಗೆ ಒಯ್ಯುವ ಚಾರ್ಟರ್ಡ್ ಬಸ್ಸಿನ ಹೊತ್ತಿಗೆ ಮೆಟ್ಟಿಲ ಮೇಲೆ ತೀರಿಹೋದ ತಾಯಿಯ ಚಪ್ಪಲಿ ಸದ್ದು ಈಗಲೂ ಕೇಳುತ್ತದೆ ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ನನ್ನ ಎದುರಿಗೂ ಹೇಳಿದಳು. ಪೇಪರಿನವನು ಚಪ್ಪಲಿ ಹಾಕಲ್ವೇನಮ್ಮ ಅಂತ ಗದರಿದೆ. ಅವಳಿಗೆ ಸಿಟ್ಟು ಬರಲಿಲ್ಲ. ಪೇಪರಿನವನದು ಹತ್ತುವ ಸದ್ದು, ಇದು ಇಳಿಯುವ ಸದ್ದು ಅಂದಳು.

ತೀರಿಕೊಂಡವರ ಒಗೆಯದ ಬಟ್ಟೆ ಒಂದಾದರೂ ಇದೆಯಾ ಅಂತ ತಂದೆಯನ್ನು ಕೇಳಿದೆ. ಇಲ್ಲ ಅಂದರು. ಹುಡುಗಿ ಮೆಲ್ಲಗೆ, ಆಫೀಸಿನಲ್ಲಿ ಸ್ವೆಟರ್ ಇರಬಹುದು ಅಂದಳು. ದೆಹಲಿಯ ಸರ್ಕಾರಿ ಆಫೀಸುಗಳಲ್ಲಿ ಹೆಂಗಸರು ಚಳಿಗಾಲವಿಡೀ ಕುರ್ಚಿಯ ಬೆನ್ನಿಗೆ ಒಂದು ಸ್ವೆಟರ್ ಹಾಕಿಯೇ ಇಟ್ಟಿರುತ್ತಾರೆ. ತಂದೆಗೆ ಅಲ್ಲಿಗೆ ಹೋಗುವ ಧೈರ್ಯ ಇನ್ನೂ ಬಂದಿರಲಿಲ್ಲ. ಆ ದಿನ ಹೋದರು. ಸಂಜೆ ಪಾಲಿಥಿನ್ ಚೀಲದಲ್ಲಿ ಕಂದು ಬಣ್ಣದ ಸ್ವೆಟರ್ ತಂದರು. ಅದು ಕುರ್ಚಿಯ ಮೇಲೇ ಇತ್ತಂತೆ. ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲವಂತೆ. ಚೀಲವನ್ನು ನನ್ನ ಕೈಗೆ ಕೊಡುವಾಗ ಬೇರೆ ಕಡೆ ನೋಡುತ್ತಿದ್ದರು.

ಶುಕ್ರವಾರ ಬೆಳಕು ಹರಿಯುವ ಮೊದಲೇ ಆಟೋ ಹಿಡಿದೆ. ಸೇತುವೆಯ ಮೇಲೆ ಮಂಜು ಎಷ್ಟಿತ್ತೆಂದರೆ ಕೆಳಗೆ ಹೊಳೆ ಇದೆ ಅನ್ನುವುದಕ್ಕೆ ಅದರ ನಾತ ಮಾತ್ರ ಸಾಕ್ಷಿ. ಕ್ವಾರ್ಟರ್ಸು ತಲುಪಿದಾಗ ಮಹಡಿಗಳೇ ಕಾಣುತ್ತಿರಲಿಲ್ಲ. ಆ ಮನೆಯಲ್ಲಿ ಹುಡುಗಿ ಮೊಸರನ್ನ ಕಲಸಿಟ್ಟು ಕಾಯುತ್ತಿದ್ದಳು. ದೆಹಲಿಯ ಬೆಕ್ಕಿಗೆ ಮೊಸರನ್ನದ ರುಚಿ ಹತ್ತಿಸಿದ ಮಹಾತಾಯಿ ಅದು! ನಾನು ಸ್ವೆಟರ್ ಹಾಕಿಕೊಂಡೆ. ಹರಳೆಣ್ಣೆಯ, ಪೌಡರಿನ, ಡಬ್ಬಿ ಊಟದ ವಾಸನೆ. ಜೇಬಿನಲ್ಲಿ ಒಂದು ಸೇಫ್ಟಿ ಪಿನ್ನು, ಅರ್ಧ ತಿಂದ ಶುಂಠಿ ಪೆಪ್ಪರ್‌ಮೆಂಟು. ಕೈಯನ್ನು ಥಟ್ಟನೆ ಹೊರಗೆ ಎಳೆದುಕೊಂಡೆ. ಬೇರೆಯವರ ಬಟ್ಟೆ ತೊಟ್ಟವಳಲ್ಲ ನಾನು, ಅದರಲ್ಲೂ ಸತ್ತವರದ್ದು.

ತಾಯಿ ಬಾಗಿಲಾಚೆ ಮೆಟ್ಟಿಲ ತುದಿಯಲ್ಲಿ ನಿಂತು, ತಟ್ಟೆಗೆ ಚಮಚ ಬಡಿದು ಕರೆಯುತ್ತಿದ್ದರಂತೆ. ಹೇಗೆ ಕರೆಯುತ್ತಿದ್ದರು ಅಂತ ಹುಡುಗಿಯೇ ನನಗೆ ಪಾಠ ಹೇಳಿದಳು. ತಾನು ಆ ಮಾತು ಪೂರ್ತಿ ಆಡಲಿಲ್ಲ, ಪಿಸುಗುಟ್ಟಿದಳು. ನಾನು ಕೆಳಗಿನ ಮಂಜಿಗೆ ಬಾಗಿ ಕರೆದೆ:

“ಬಾರೇ ಕಳ್ಳೀ… ಎಲ್ಲಿ ಹೋದ್ಯೇ? ಬಸ್ ಬಂದ್ಬಿಡತ್ತೆ, ಬೇಗ ಬಾ!”

ಎದುರು ಬ್ಲಾಕಿನಲ್ಲಿ ಒಂದು ಕಿಟಕಿ ತೆರೆಯಿತು, ತಕ್ಷಣ ಮುಚ್ಚಿತು. ಮತ್ತೆ ಕರೆದೆ. ಈ ಸಲ, ನನಗೇ ಗೊತ್ತಿಲ್ಲದೆ, ಕೊನೆಗೊಂದು ಮಾತು ಸೇರಿಕೊಂಡಿತು: “ನಿಂಗೇ ಹೇಳ್ತಿರೋದು.” ಹುಡುಗಿ ನನ್ನ ತೋಳು ಹಿಡಿದಳು. ಅಮ್ಮ ಹಾಗೇ ಅನ್ನುತ್ತಿದ್ದಳು, ನಾನು ನಿಮಗೆ ಅದನ್ನು ಹೇಳಿರಲಿಲ್ಲ ಅಂದಳು. ಎಲ್ಲ ತಾಯಂದಿರೂ ಅನ್ನೋದೇ ಅದು ಪುಟ್ಟಾ ಅಂದೆನೇನೋ ನಿಜ, ಮೂರನೇ ಸಲ ಮಾತ್ರ ಕರೆಯಲಿಲ್ಲ.

ಆಗ ಕೆಳಗೆ ಸದ್ದಾಯಿತು. ಚಪ್ಪಲಿಯ ಸದ್ದೇ, ಆದರೆ ಹತ್ತುವ ಸದ್ದು. ಟಪ್, ಟಪ್, ಟಪ್, ನಮ್ಮ ಕೆಳಗಿನ ತಿರುವಿನವರೆಗೆ ಬಂದು ನಿಂತಿತು. ಯಾರು, ಕೌನ್ ಹೈ ಅಂದೆ. ಇಣುಕಿ ನೋಡಿದರೆ ತಿರುವಿನಲ್ಲಿ ಬೆಕ್ಕು ಒಂದೇ ಕೂತಿತ್ತು, ಬೂದು ಬಣ್ಣ, ಎದೆ ಮಾತ್ರ ಬಿಳಿ. ಸ್ವೆಟರಿನ ಕಡೆ ಮೂಗು ಚಾಚಿ ನಾಲ್ಕಾರು ಮೆಟ್ಟಿಲು ಹತ್ತಿತು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿತು. ಎಷ್ಟೋ ಬೆಕ್ಕುಗಳು ನನ್ನನ್ನು ನೋಡಿವೆ, ಯಾವುದೂ ಹಾಗೆ ನೋಡಿಲ್ಲ. ಹಿಂದಿನ ದಿನ ಹುಡುಗಿ ತೋರಿಸಿದ್ದ ಹಾಗೆಯೇ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಮಂಜಿನೊಳಗೆ ಹೊರಟುಹೋಯಿತು.

ಶನಿವಾರವೂ ಅದೇ ಕತೆ. ಅದೇ ತಿರುವು, ಅದೇ ನೋಟ. ಹೊತ್ತು ಸರಿ, ವಾಸನೆ ಸರಿ, ದನಿ ಮಾತ್ರ ಸುಳ್ಳು. ನನಗೆ ಬೆಕ್ಕಿನ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೇ ನಾಚಿಕೆ ಬಂತು. ಹುಡುಗಿ ಮಾತ್ರ ಖಾಲಿ ಕಪಾಟಿಗೆ ಒರಗಿ ಕೂತಳು, ಅಳಲೂ ಇಲ್ಲ. ನಾವು ಹೋದ ಮೇಲೆ ಅದು ದಿನಾ ಇಲ್ಲಿಗೆ ಬಂದು ಕಾಯುತ್ತದೆ ಆಂಟಿ, ಬಾಗಿಲು ತೆಗೆಯುವವರು ಬೇರೆ ಯಾರೋ ಆಗಿರುತ್ತಾರೆ ಅಂದಳು.

ಭಾನುವಾರ ಬೆಳಗ್ಗೆ ಟ್ರಕ್ಕು ಆಗಲೇ ಕೆಳಗೆ ಬಂದು ನಿಂತಿತ್ತು. ಎರಡು ದಿನದ ಮಂಜು ಕುಡಿದು ನನ್ನ ಗಂಟಲು ಕಟ್ಟಿಹೋಗಿತ್ತು. ಬಾರೇ ಅನ್ನಲು ಹೋದರೆ ಬರೀ ಗಾಳಿ. ಕರ್ಮ! ಸ್ವೆಟರ್ ಬಿಚ್ಚಿ ಹುಡುಗಿಗೆ ಹಾಕಿದೆ. ಅವಳು ಬೇಡ ಬೇಡ ಅಂತ ತಲೆಯಾಡಿಸಿದಳು. ನನ್ನ ಕನ್ನಡ ಗಂದೀ ಇದೆ, ಚೆನ್ನಾಗಿಲ್ಲ, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಾನು ಹಿಂದಿಯಲ್ಲೇ ಉತ್ತರ ಕೊಡ್ತಿದ್ದೆ ಅಂದಳು. ನನಗೆ ರೇಗಿಹೋಯಿತು. ಇದ್ದಷ್ಟು ಗಂಟಲಲ್ಲೇ ಬೈದೆ. ಬೆಕ್ಕಿಗೇನು ಪರೀಕ್ಷೆ ಕೊಡ್ತೀಯೇನೇ, ಕರಿ ಸುಮ್ಮನೆ, ಟ್ರಕ್ಕಿನವನು ಕಾಯ್ತಾನಾ ಅಂದೆ.

ಅವಳು ಮೆಟ್ಟಿಲ ತುದಿಗೆ ಹೋದಳು. ಸ್ವೆಟರಿನ ತೋಳುಗಳು ಉದ್ದವಾಗಿ ಅವಳ ಬೆರಳು ಮುಚ್ಚಿದ್ದವು. ತಟ್ಟೆಗೆ ಚಮಚ ಬಡಿದಳು.

“ಬಾರೇ ಕಳ್ಳೀ… ಎಲ್ಲಿ ಹೋದ್ಯೇ? ಬಸ್ ಬಂದ್ಬಿಡತ್ತೆ, ಬೇಗ ಬಾ! ನಿಂಗೇ ಹೇಳ್ತಿರೋದು.”

ನಾನು ಅವಳ ತಾಯಿಯನ್ನು ಕಂಡವಳಲ್ಲ, ಅವರ ದನಿ ಕೇಳಿದವಳಲ್ಲ. ಆದರೂ ಅದು ಆ ಹುಡುಗಿಯ ದನಿ ಅಲ್ಲ ಅಂತ ನನಗೆ ಗೊತ್ತಾಯಿತು. ದಪ್ಪ, ಸ್ವಲ್ಪ ಅವಸರದ, ನಡುವಯಸ್ಸಿನ ಹೆಂಗಸಿನ ದನಿ. ಒಳಗಿನಿಂದ, ಬಚ್ಚಲುಮನೆಯಿಂದ, ತಂದೆ ಹೆಂಡತಿಗೆ ಉತ್ತರ ಕೊಡುವವರ ಹಾಗೆ ಕೂಗಿ ಹೇಳಿದರು:

“ಬಂದೆ ಕಣೇ, ಬಸ್ಸಿಗೆ ಇನ್ನೂ ಟೈಮಿದೆ!”

ಆಮೇಲೆ ನಲ್ಲಿಯ ಸದ್ದು ನಿಂತಿತು. ಕೆನ್ನೆಯ ಮೇಲೆ ಸೋಪಿನ ನೊರೆ ಹಾಗೇ ಇದ್ದಂತೆ ಅವರು ಬಂದು ಬಾಗಿಲಲ್ಲಿ ನಿಂತರು. ಮಗಳ ಬೆನ್ನನ್ನು, ಆ ಕಂದು ಸ್ವೆಟರನ್ನು ನೋಡುತ್ತ ನಿಂತೇ ಇದ್ದರು. ಕೆಳಗಿನ ಮನೆಯ ಬಾಗಿಲು ದಢಾರನೆ ಹಾಕಿಕೊಂಡಿತು.

ಬೆಕ್ಕು ಬಂತು. ತಿರುವಿನಲ್ಲಿ ನಿಲ್ಲಲಿಲ್ಲ, ಮುಖ ನೋಡಲಿಲ್ಲ. ಓಡಿ ಬಂದು ಸ್ವೆಟರಿನ ಅಂಚಿಗೆ ತಲೆ ಉಜ್ಜಿ, ಹೊಸ್ತಿಲು ದಾಟಿ ಒಳಗೆ ಹೋಗಿ, ತಟ್ಟೆ ಇಡುವ ಮೂಲೆಯಲ್ಲಿ ಕೂತಿತು. ಹುಡುಗಿ ತಟ್ಟೆ ಇಟ್ಟಳು. ಅದು ತಿನ್ನತೊಡಗಿತು. ಬೆಕ್ಕು ಒಳಗೆ ಬಂದ ಕ್ಷಣ ಬಾಗಿಲು ಹಾಕಬೇಕು, ಅದು ನನ್ನ ಮೊದಲ ನಿಯಮ. ನಾನು ಬಾಗಿಲಿಗೆ ಕೈ ಇಟ್ಟೆ.

ಹುಡುಗಿ ತಂದೆಯ ಕಡೆ ತಿರುಗಿದಳು. ಕನ್ನಡದಲ್ಲೇ ಕೇಳಿದಳು.

“ಅಪ್ಪಾ, ಇನ್ನೊಂದ್ಸಲ ಕರೀಲಾ?”

ತಂದೆ ಅಂಗೈಯಿಂದ ಕೆನ್ನೆಯ ನೊರೆ ಒರೆಸಿಕೊಂಡರು. ಆಮೇಲೆ, “ಕರಿ,” ಅಂದರು.

ನಾನು ಬಾಗಿಲು ಬಿಟ್ಟು, ಬೆಕ್ಕನ್ನು ಎತ್ತಿ ಎದೆಗೆ ಗಟ್ಟಿಯಾಗಿ ಹಿಡಿದುಕೊಂಡೆ. ಅದು ಪರಚಲಿಲ್ಲ. ಹುಡುಗಿ ಮೆಟ್ಟಿಲ ತುದಿಯಲ್ಲಿ ನಿಂತು ಮಂಜಿಗೆ ಮತ್ತೆ ಕರೆದಳು, ಅದೇ ಮಾತು, ಅದೇ ದನಿ. ಬೆಕ್ಕು ಅವಳ ಕಡೆ ನೋಡಲಿಲ್ಲ. ಕಿವಿ ನೆಟ್ಟಗೆ ಮಾಡಿಕೊಂಡು ಕೆಳಗಿನ ತಿರುವಿನ ಕಡೆ ನೋಡಿತು, ನೋಡುತ್ತಲೇ ಗುರ್‌ಗುಟ್ಟತೊಡಗಿತು, ಪರಿಚಯದವರು ಬಂದಾಗ ಬೆಕ್ಕುಗಳು ಮಾಡುವ ಹಾಗೆ. ನಾವು ಮೂವರೂ ಆ ಕಡೆಗೇ ನೋಡುತ್ತ ನಿಂತೆವು.