ಎಡ ನಳಿಗೆಯ ತೋಟಾ

ನನ್ನ ತಮ್ಮ ಈಶ್ವರಪ್ಪನ ಮನೆಯಲ್ಲಿ ಗ್ಯಾಸ್ ಲೈಟರ್ ಇರಲಿಲ್ಲ. ವಿಶಾಖಪಟ್ಟಣದ ಗಾಜುವಾಕದಲ್ಲಿ ಅವನು ಮನೆ ಕಟ್ಟಿಸಿ ಮೂವತ್ತು ವರ್ಷವಾಯಿತು, ಅಂದಿನಿಂದ ಒಲೆ ಹಚ್ಚುವುದು ಬೆಂಕಿಕಡ್ಡಿಯಲ್ಲೇ. ಅವನ ಹೆಂಡತಿ ರೇಣುಕಾ ತೀರಿಕೊಂಡ ಮೇಲೆ ನಾನು ಚಾಮರಾಜನಗರದ ಕಡೆಯಿಂದ ಬಂದು ಅಡಿಗೆಮನೆ ಹಿಡಿದೆ. ಮೊದಲ ವಾರವೇ ಒಂದು ಲೈಟರ್ ಕೊಂಡು ತಂದು ಒತ್ತಿದೆ. ಟಿಕ್ ಅಂದಿತು, ಹತ್ತಲಿಲ್ಲ. ತಿರುಗಿ ನೋಡಿದರೆ ಹಜಾರದಲ್ಲಿ ಪೇಪರು ಓದುತ್ತಿದ್ದವನು ಎಡಗೈಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದ. ಪೇಪರು ನೆಲದ ಮೇಲಿತ್ತು.

"ಅಕ್ಕ, ಅದ ಬುಡು. ಕಡ್ಡಿ ಗೀರು" ಅಂದ.

ನಾನು ಯಾಕೆಂದು ಕೇಳಲಿಲ್ಲ. ಆ ಸದ್ದು ಯಾವುದೆಂದು ನನಗೂ ಗೊತ್ತಿತ್ತು.

ನಮ್ಮಪ್ಪ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಕಾಫಿ ತೋಟದಲ್ಲಿ ದೊರೆಯೊಬ್ಬನ ಬೇಟೆಗೆ ಕೋವಿ ಹೊರುತ್ತಿದ್ದವರು. ದೊರೆ ಊರು ಬಿಟ್ಟು ಹೋಗುವಾಗ ತನ್ನ ಜೋಡುನಳಿಗೆ ಕೋವಿಯನ್ನು ಅಪ್ಪನಿಗೆ ಕೊಟ್ಟು, ಲೈಸೆನ್ಸನ್ನೂ ಅವರ ಹೆಸರಿಗೆ ಮಾಡಿಸಿದ. ಆನೆ, ಕಾಟಿಯಂಥ ದೊಡ್ಡ ಮೃಗ ಹೊಡೆಯುವ ಕೋವಿ ಅದು. ಒಂದೊಂದು ತೋಟಾ ನನ್ನ ನಡುಬೆರಳಿನಷ್ಟು ಉದ್ದ, ಅದಕ್ಕಿಂತ ದಪ್ಪ. ಸೀಲು ಮಾಡಿದ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಆಯುಧಪೂಜೆಯ ದಿನ ಕೋವಿಯನ್ನು ಮಣೆಯ ಮೇಲೆ ಮಲಗಿಸಿ, ಮುಂದೆ ಹಿತ್ತಾಳೆ ತಟ್ಟೆಯಲ್ಲಿ ನಾಲ್ಕು ತೋಟಾ ನಿಲ್ಲಿಸುತ್ತಿದ್ದೆವು. ಅದನ್ನು ಅಣಿ ಮಾಡುವ ಕೆಲಸ ನನ್ನದು.

ಈಶ್ವರನಿಗೆ ಹದಿನಾಲ್ಕು ತುಂಬಿದ ವರ್ಷ, ಹಬ್ಬ ಕಳೆದು ಎಂಟು ದಿನಕ್ಕೆ, ಮೂರು ಜನರನ್ನು ತುಳಿದಿದ್ದ ಒಂಟಿ ಸಲಗವನ್ನು ಹೊಡೆಯಬೇಕೆಂದು ಅಪ್ಪನಿಗೆ ಸರ್ಕಾರದಿಂದ ಹೇಳಿಕೆ ಬಂತು. ಹೆಜ್ಜೆ ನೋಡಲು ಸೋಲಿಗರ ಜಡೆಯ ಹೋದ. ತೋಟಾ ಹೊರಲು ಈಶ್ವರ. ಜಡೆಯ ನಮ್ಮ ಮನೆಗೆ ಜೇನು ತಂದು ಕೊಡುತ್ತಿದ್ದವನು, ನನ್ನನ್ನು ಪುಟ್ಟವ್ವ ಅನ್ನುತ್ತಿದ್ದ. ಅವತ್ತು ಹೊರಡುವಾಗ ಜಗಲಿಯಲ್ಲಿ ಕೂತು ರಾಗಿ ಗಂಜಿ ಕುಡಿದು, ಬಟ್ಟಲು ತೊಳೆದು ಬೋರಲು ಹಾಕಿ ಹೋದ.

ಸಲಗ ಬಿದಿರು ಮೆಳೆಯಿಂದ ನೇರ ಮೈಮೇಲೆ ಬಂತಂತೆ. ಅಪ್ಪ ಬಲ ನಳಿಗೆ ಹಾರಿಸಿದರು, ಏಟು ಬಿತ್ತು, ಆನೆ ನಿಲ್ಲಲಿಲ್ಲ. ಎಡ ನಳಿಗೆಯ ಕುದುರೆ, ಅಂದರೆ ಟ್ರಿಗರ್, ಎಳೆದರು. ಟಿಕ್. ಅಷ್ಟೆ. ಅಪ್ಪನ ಎಡಕ್ಕೆ ನಿಂತಿದ್ದವನು ಜಡೆಯ, ಆನೆ ಅವನನ್ನು ತುಳಿದು ಕೊಂದಿತು.

ಆನೆ ಎರಡು ದಿನದ ಮೇಲೆ ಹಳ್ಳದಲ್ಲಿ ಸತ್ತು ಬಿದ್ದಿತ್ತು. ಅಪ್ಪ ಊರಿಗೆಲ್ಲ ಹೇಳಿದ್ದು ಒಂದೇ ಮಾತು: ಎಡ ನಳಿಗೆಯ ಸ್ಪ್ರಿಂಗು ಸೋತಿತ್ತು, ತಪ್ಪು ಕೋವಿಯದು. ಆಮೇಲೆ ಆ ಕೋವಿಯನ್ನು ಮುಟ್ಟಲಿಲ್ಲ. ಸುಗ್ಗಿ ಮುಗಿದ ಮೇಲೆ ಜಡೆಯನ ಹೆಂಡತಿ ವರ್ಷ ವರ್ಷವೂ ಬರುತ್ತಿದ್ದಳು. ಅಪ್ಪ ರಾಗಿ ಅಳೆದು ಕೊಡುತ್ತಿದ್ದರು. ಮೂಟೆ ತಲೆಗೇರಿಸಿಕೊಂಡು ಅವಳು ಕೇಳುತ್ತಿದ್ದಳು, "ಆ ಕೋವಿ ರಿಪೇರಿ ಆಯ್ತಾ ಬುದ್ದಿ?"

"ಇನ್ನೂ ಇಲ್ಲ ಕಣವ್ವ" ಅನ್ನುತ್ತಿದ್ದರು ಅಪ್ಪ.

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಏನೋ, ಮನೆಯೊಳಗೆ ಅವತ್ತು ಯಾರಿಗೂ ಊಟ ಇಳಿಯುತ್ತಿರಲಿಲ್ಲ.

ಈಶ್ವರ ಹದಿನೆಂಟಕ್ಕೆ ನೇವಿ ಸೇರಿದ. ಹಡಗಿನ ಕೋವಿಮನೆಯಲ್ಲಿ ತೋಟಾ ಕಾಯುವ ಕೆಲಸ ಸಿಕ್ಕಿತು. ಇವನ ಕೈಯಿಂದ ಹೋದ ಒಂದು ತೋಟಾವೂ ಹುಸಿಯಾಗಲಿಲ್ಲ ಅನ್ನುವುದು ಜೊತೆಯವರ ಮಾತು. ಒಂದೊಂದನ್ನೂ ಒಣಬಟ್ಟೆಯಲ್ಲಿ ಮೂರು ಸಲ ಒರೆಸುತ್ತಿದ್ದನಂತೆ. ತೆಲುಗಿನವರು ಇವನಿಗೆ 'ಪೊಡಿಗುಡ್ಡ' ಅಂತ ಹೆಸರಿಟ್ಟಿದ್ದರು, ಒಣಬಟ್ಟೆ ಅಂತ. ಮದುವೆಗೆ ಬಂದ ಗೆಳೆಯರು ಒಂದು ಡಜನ್ ಕರವಸ್ತ್ರ ಉಡುಗೊರೆ ಕೊಟ್ಟು ನಕ್ಕಿದ್ದರು. ಇವನೂ ನಕ್ಕಿದ್ದ.

ಅಪ್ಪ ಹೋದ ಮೇಲೆ ಕೋವಿ ಇವನ ಹೆಸರಿಗೆ ಬಂತು. ನಲವತ್ತು ವರ್ಷ ಪೆಟ್ಟಿಗೆಯಲ್ಲೇ ಇತ್ತು. ಹೋದ ವರ್ಷ, ಲೈಸೆನ್ಸ್ ಮುಗಿಯಲು ಇನ್ನೊಂದು ವರ್ಷವಿದೆ ಎನ್ನುವಾಗ, ತೆಲುಗಿನಲ್ಲೇ ಬೆಳೆದ ಮಗಳು ನಮ್ರತಾ, "ನಾನ್ನಾ, ಈ ವಯಸ್ಸಲ್ಲಿ ಅದೆಂದುಕು, ಯಾಕೆ ಬೇಕು? ಸರೆಂಡರ್ ಮಾಡ್ಬಿಡಿ" ಅಂದಳು. ಇವನು ಒಪ್ಪಿದ. ಆದರೆ ಒಪ್ಪಿಸುವ ಮೊದಲು ಎಡ ನಳಿಗೆ ಒಂದು ಸಲ ಹಾರಿಸಿ ನೋಡಬೇಕೆಂದು ಹಟ ಹಿಡಿದ.

"ಯಾಕೊ ಈಸ?" ಅಂದೆ.

ಕೋವಿ ಪೆಟ್ಟಿಗೆಯ ಮುಚ್ಚಳ ಹಾಕಿ ಹೇಳಿದ. "ಅಪ್ಪ ಅವತ್ತು ಡಬ್ಬಿ ಒಡ್ದು ಹೊಸ ತೋಟಾ ತಕೊ ಅಂದಿದ್ರು. ನಾನು ತಕ್ಕೊಳ್ನಿಲ್ಲ. ಡಬ್ಬಿಯಿಂದ ಹೊರಗಿದ್ದ ತೋಟಾನೆ ಎತ್ಕಂಡೆ. ಅಪ್ಪ ಒಂದಿನವೂ ನನ್ನ ಕೇಳ್ನಿಲ್ಲ ಅಕ್ಕ. ಎಡ ನಳಿಗೆ ಈಗ್ಲೂ ಹಾರ್ದೆ ಇದ್ರ ಅಪ್ಪ ಹೇಳಿದ್ದು ದಿಟ. ಹಾರ್ಬುಟ್ರ..."

ಹಾರಿಬಿಟ್ಟರೆ ಕೋವಿಯ ತಪ್ಪಲ್ಲ. ಎಪ್ಪತ್ತೆರಡು ವರ್ಷದ ನನ್ನ ತಮ್ಮ ತನ್ನ ಕೋವಿ ಕೆಟ್ಟಿರಲಿ ಎಂದು ಬೇಡಿಕೊಳ್ಳುತ್ತಿದ್ದ.

ಹೊರಗಿದ್ದವು ಎಲ್ಲಿದ್ದವು ಎಂದು ನಾನು ಅವತ್ತು ಕೇಳಬೇಕಿತ್ತು.

ಆ ತೋಟಾವನ್ನು ಈಗ ನಮ್ಮ ದೇಶದಲ್ಲಿ ಯಾರೂ ಮಾಡುವುದಿಲ್ಲವಂತೆ. ಮದರಾಸು, ಹೈದರಾಬಾದು, ಕಲ್ಕತ್ತದ ಅಂಗಡಿಗಳಿಗೆ ಬರೆದ. ಕೆಲವರು ಇಲ್ಲವೆಂದು ಬರೆದರು, ಕೆಲವರು ಬರೆಯಲೇ ಇಲ್ಲ. ಹನ್ನೊಂದು ತಿಂಗಳಾದ ಮೇಲೆ ನೇವಿಯ ಹಳೆಯ ಸ್ನೇಹಿತನೊಬ್ಬ ವಿಜಯವಾಡದ ಬಾಬ್ಜಿಯ ಸುಳಿವು ಕೊಟ್ಟ. ಆಟೋನಗರ್ ಅಂಚಿನಲ್ಲಿ ಬಾಬ್ಜಿಯದು ಕೋವಿ ಅಂಗಡಿ. ಯಾವುದೋ ಜಮೀನ್ದಾರರ ಮನೆಯವರು ಕೋವಿಗಳ ಜೊತೆ ಒಪ್ಪಿಸಿದ ಹಳೆಯ ಮಾಲಿನಲ್ಲಿ ಅದೇ ಅಳತೆಯ ಒಂದು ಡಬ್ಬಿ ಉಳಿದಿತ್ತು. ಲೈಸೆನ್ಸ್ ಪುಸ್ತಕದಲ್ಲಿ ಬರೆಸಿಕೊಂಡು ಎರಡು ಕೊಡಬಹುದು, ತನ್ನ ಅಂಗಡಿಯಲ್ಲೇ ಪರೀಕ್ಷೆ ಮಾಡಬೇಕು, ಹಾಗಂದರು ಬಾಬ್ಜಿ.

ನನ್ನನ್ನು ಕರೆದುಕೊಂಡು ಹೋಗಲು ಈಶ್ವರನಿಗೆ ಇಷ್ಟವಿರಲಿಲ್ಲ. "ನೀನ್ಯಾಕ ಅಕ್ಕ, ಬುಡು, ಕಾಲ್ನೋವು" ಅಂತ ಮೂರು ಸಲ ಅಂದ. ನಮ್ರತಾಳೇ, "ಅತ್ತೆನೂ ರಾನೀ ನಾನ್ನಾ, ಬರಲಿ ಬಿಡಿ, ದುರ್ಗಮ್ಮನ ದರ್ಶನ ಮಾಡಿಸ್ತೀನಿ" ಎಂದು ಕಾರು ತಂದಳು. ಅವಳ ಮನೆ ವಿಜಯವಾಡದ ಭವಾನಿಪುರಂನಲ್ಲಿ. ದಸರಾ ಮುಗಿದು ಎರಡು ದಿನವಾಗಿದ್ದರೂ ದುರ್ಗಮ್ಮನ ಗುಡಿಯಿರುವ ಇಂದ್ರಕೀಲಾದ್ರಿಯ ಮೆಟ್ಟಿಲ ಮೇಲೆ ಕೆಂಪು ಬಟ್ಟೆಯವರು ಸಾಲಾಗಿ ಹತ್ತುತ್ತಿದ್ದರು. ದೀಪದ ಎಣ್ಣೆಯ ವಾಸನೆ ಬೀದಿಯವರೆಗೂ ಬರುತ್ತಿತ್ತು. ಈಶ್ವರ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಕಾರಿನಲ್ಲೇ ಕೂತ.

ಮಾರನೆಯ ದಿನ ಬೆಳಿಗ್ಗೆ ನಮ್ಮಿಬ್ಬರನ್ನು ಅಂಗಡಿಯ ಮುಂದೆ ಇಳಿಸಿ ನಮ್ರತಾ ಕೆಲಸಕ್ಕೆ ಹೋದಳು. ಬಾಬ್ಜಿ ಹತ್ತು ವರ್ಷ ಬಳ್ಳಾರಿಯಲ್ಲಿದ್ದವರು. "ಬರ್ರಿ ಅಮ್ಮಾ, ಕೂಕೊಳ್ರಿ. ಈ ಮುದುಕಪ್ಪನ್ನ ನೋಡಾಕ ನೀವೂ ಬಂದ್ರಾ" ಎಂದು ಕೋವಿಯನ್ನು ಪೆಟ್ಟಿಗೆಯಿಂದ ಎತ್ತಿ, ಕೀಲಿನಲ್ಲಿ ಬಗ್ಗಿಸಿ ತೆರೆದು ಬೆಳಕಿಗೆ ಹಿಡಿದರು. ಎರಡು ನಳಿಗೆಯಲ್ಲೂ ಇಣುಕಿದರು. "ಒಳಗ ಕನ್ನಡಿ ಹಂಗ ಐತೆ ಸಾರ್. ಚೊಲೋ ಇಟ್ಟೀರಿ."

"ಎಡಗಡೆ ಸ್ಪ್ರಿಂಗ್ ನೋಡಿ. ವೀಕ್ ಇರ್ಬೇಕು" ಅಂದ ಈಶ್ವರ.

ಬಾಬ್ಜಿ ಬೆರಳಲ್ಲಿ ಕುದುರೆ ಮುಟ್ಟಿದರು. "ನೋಡಾಕ ಬಿಗಿ ಐತೆ. ಹಾರಿಸಿದ್ರ ಗೊತ್ತಾಗತೈತಿ."

ಅಂಗಡಿಯ ಹಿಂದೆ ಮರಳು ಚೀಲ ಒಟ್ಟಿದ ಜಾಗವಿತ್ತು. ತೋಟಾ ಹಳೆಯದು, ಹೆಗಲಿಗೆ ಕೊಟ್ಟು ಹಾರಿಸುವುದು ಬೇಡವೆಂದು ಬಾಬ್ಜಿ ಕೋವಿಯನ್ನು ಮರದ ಚೌಕಟ್ಟಿಗೆ ಬಿಗಿದು, ಹಿಂದೆ ಲಾರಿಯ ಹಳೆ ಟೈರು ಕೊಟ್ಟು, ಕುದುರೆಗೆ ಹುರಿ ಕಟ್ಟಿದರು. ತೋಟಾ ತುಂಬುವ ಕೆಲಸವನ್ನು ಮಾತ್ರ ಈಶ್ವರ ಬಿಡಲಿಲ್ಲ. ಜೇಬಿನಿಂದ ಒಣಬಟ್ಟೆ ತೆಗೆದ. ಒರೆಸಿದ, ತಿರುಗಿಸಿದ, ಮತ್ತೆ ಒರೆಸಿದ. ಎಡ ನಳಿಗೆಯ ಬಾಯಿಗೆ ಇಟ್ಟು ಹೆಬ್ಬೆರಳಲ್ಲಿ ಒತ್ತಿದ. ಅದು ಒಳಗೆ ಜಾರಿ ಕೂತ ಸದ್ದು ನನಗೂ ಕೇಳಿತು. ಕೋವಿ ಮುಚ್ಚಿದ. ಆಮೇಲೆ ಎಡಕ್ಕೆ ತಿರುಗಿ, ಅಲ್ಲಿ ಯಾರೋ ನಿಂತಿರುವಂತೆ, ಕೈಯಿಂದ ಹಿಂದಕ್ಕೆ ಸರಿಯುವಂತೆ ಸನ್ನೆ ಮಾಡಿದ. ಅಲ್ಲಿ ಯಾರೂ ಇರಲಿಲ್ಲ. ನಾನು ಬಲಗಡೆ, ಗೋಡೆಯ ಹಿಂದೆ ಇದ್ದೆ.

ಬಾಬ್ಜಿ ಹುರಿ ಎಳೆದರು.

ನೆಲ ಅದುರಿತು. ಮರಳು ಎದ್ದು ನಮ್ಮ ತಲೆಯ ಮೇಲೆ ಬಿತ್ತು. ಆಚೆ ಬೀದಿಯಲ್ಲಿ ಲಾರಿಯ ಮೈಗೆ ತಗಡು ಬಡಿಯುತ್ತಿದ್ದವರು ಬಡಿಯುತ್ತಲೇ ಇದ್ದರು.

"ಬಂಗಾರದಂಥ ಕೋವಿ ಸಾರ್. ಸ್ಪ್ರಿಂಗಿಗೆ ಏನೂ ಆಗಿಲ್ಲ" ಅಂದರು ಬಾಬ್ಜಿ.

ಈಶ್ವರ ಟೈರಿನ ಮೇಲೆ ಕೂತುಬಿಟ್ಟ.

ನೀರು ಕೇಳಲು ನಾನು ಅಂಗಡಿಯೊಳಗೆ ಹೋದೆ. ದೇವರ ಪಟದ ಕೆಳಗೆ ಆಯುಧಪೂಜೆಯ ತಟ್ಟೆ ಇನ್ನೂ ಇತ್ತು, ಅದರಲ್ಲಿ ಕುಂಕುಮ ಹಚ್ಚಿದ ತೋಟಾಗಳು. ಎಲ್ಲವೂ ಖಾಲಿ, ಹಾರಿಸಿಯಾದವು. ಬಾಬ್ಜಿ ಹಿಂದೆಯೇ ಬಂದಿದ್ದರು. ಖಾಲಿಯದನ್ನು ಯಾಕೆ ಪೂಜೆಗಿಟ್ಟಿರಿ ಎಂದು ಸುಮ್ಮನೆ ಕೇಳಿದೆ.

"ತುಂಬಿದ್ದು ಇಡಬಾರದಮ್ಮಾ. ಪೂಜಿ ಅಂದ್ರ ನಿಮ್ಮ ಹೆಂಗಸರು ಎಣ್ಣಿ ಹಚ್ತೀರಿ. ಎಣ್ಣಿ ತೋಟಾದ ಬುಡದ ಕೇಪಿನ ಸಂದಿಂದ ಒಳಗ ಇಳೀತೈತಿ, ಮದ್ದು ಸಾಯ್ತೈತಿ. ಒಂದು ಹಾರಿದ್ರ ಇನ್ನೊಂದು ಹಾರಂಗಿಲ್ಲ. ಮ್ಯಾಲೆ ನೋಡಿದ್ರ ಫಳಫಳ, ಒಳಗ..."

"ಬಾಬ್ಜಿ ಗಾರೂ, ಇಂಕ ಚಾಲು, ಸಾಕು" ಅಂದ ಈಶ್ವರ. ಬಾಗಿಲಲ್ಲಿ ನಿಂತಿದ್ದ. ಅವನು ಯಾರ ಮಾತನ್ನೂ ಹಾಗೆ ಕತ್ತರಿಸಿದ್ದನ್ನು ನಾನು ಕಂಡಿರಲಿಲ್ಲ.

ನನಗೆ ನಮ್ಮ ಮನೆಯ ಹಿತ್ತಾಳೆ ತಟ್ಟೆ ಕಣ್ಣಿಗೆ ಬಂತು. ಡಬ್ಬಿಯ ಹೊರಗಿದ್ದ ತೋಟಾಗಳೆಂದರೆ ಅವೇ ನಾಲ್ಕು. ಆ ವರ್ಷ ಅವು ಮಂಕಾಗಿವೆಯೆಂದು, ಹೊಳೆಯಲಿ ಎಂದು, ತಟ್ಟೆಗೆ ಹುಚ್ಚೆಳ್ಳೆಣ್ಣೆ ಸುರಿದು ಅದರೊಳಗೆ ನಿಲ್ಲಿಸಿದ್ದೆ. ಮೂರು ದಿನ ಹಾಗೇ ಇದ್ದವು. ಆಮೇಲೆ ಸೆರಗಿನಲ್ಲಿ ಒರೆಸಿ ದೇವರ ಗೂಡಿನಲ್ಲಿಟ್ಟೆ. ಚೆನ್ನಾಗಿ ಹೊಳೆಯುತ್ತಿವೆ ಎಂದು ಅಪ್ಪ ಹೊಗಳಿದ್ದರು. ಆಗ ನನಗೆ ಹದಿನಾರು.

ಬೀದಿಗೆ ಬಂದು ಕಾರಿಗೆ ಕಾಯುವಾಗ ಕೇಳಿದೆ. "ಗೂಡಿಂದ ಎತ್ಕಂಡಿದ್ದಾ ಈಸ?"

"ದೇವರ ಮುಂದ ಇದ್ದವು, ಗುರಿ ತಪ್ಪಲ್ಲ ಅನ್ಕಂಡೆ."

"ಎಣ್ಣೆ ಹುಯ್ದವಳು ನಾನು ಕಣೊ."

"ನಂಗ ಗೊತ್ತದ ಅಕ್ಕ."

"ಎಂದಿಂದ?"

"ನೇವಿಲಿ ಮೊದಲ್ನೆ ತಿಂಗಳೆ ಹೇಳ್ಕೊಟ್ರು. ತೋಟಾಕ ಎಣ್ಣೆ ಸೋಕಿಸ್ಬ್ಯಾಡಿ ಅಂತ." ಲಾರಿಗಳ ಕಡೆ ನೋಡುತ್ತಲೇ ಹೇಳಿದ. "ಸ್ಪ್ರಿಂಗ್ ಕೆಟ್ಟಿದ್ರ ನಮ್ಮಿಬ್ಬರ ತಪ್ಪೂ ಇಲ್ಲ ಅಂತಾಗೋದು ಅಂತ ಇದ್ದೆ."

ಐವತ್ತನಾಲ್ಕು ವರ್ಷ ಅವನು ಅದನ್ನು ನನ್ನಿಂದ ಮುಚ್ಚಿಟ್ಟಿದ್ದ. ನನ್ನ ಕೈಯ ಊಟ ಉಂಡಿದ್ದ. ನಾನು ದೇವರಿಗೆ ಎಣ್ಣೆ ಹಾಕಿ ದೀಪ ಹಚ್ಚುವಾಗ ಅವನು ಹೊರಗೆ ಹೋಗಿ ನಿಲ್ಲುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಕೋವಿಯನ್ನೂ ಉಳಿದ ಒಂದು ತೋಟಾವನ್ನೂ ಅಲ್ಲೇ ಒಪ್ಪಿಸಿ ಗಾಜುವಾಕಕ್ಕೆ ಮರಳಿದೆವು.

ಈಚೆಗೆ ಜಗಲಿಯಲ್ಲಿ ಬೋರಲು ಹಾಕಿದ ಬಟ್ಟಲು ಕಂಡರೆ ನನಗೆ ಎತ್ತಲಾಗುವುದಿಲ್ಲ. ರಾಗಿ ಅಳೆಯುವಾಗ ಹಿಂದೆ ಯಾರೋ ನಿಂತು ಕೋವಿಯ ರಿಪೇರಿ ಕೇಳಿದಂತಾಗುತ್ತದೆ.

ಸಂಕ್ರಾಂತಿಗೆ ನಮ್ರತಾ ಬಂದಳು. ಹೊಸ ಲೈಟರ್ ಒಂದನ್ನು ಜೊತೆಗೇ ತಂದಿದ್ದಳು. "ಇನ್ನೂ ಆ ಅಗ್ಗಿಪೆಟ್ಟೆ ಏನತ್ತೆ, ಪಾತಕಾಲಂ, ಹಳೇ ಕಾಲದ್ದು" ಎನ್ನುತ್ತ ಒಲೆಗೆ ಹಿಡಿದು ಒತ್ತಿದಳು. ಟಿಕ್. ಹತ್ತಲಿಲ್ಲ.

ನಾನು ಹಜಾರದ ಕಡೆ ನೋಡಿದೆ. ಈಶ್ವರ ಕಿವಿ ಮುಚ್ಚಿಕೊಂಡಿರಲಿಲ್ಲ. ಪೇಪರು ತೊಡೆಯ ಮೇಲೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದ. ನನ್ನ ಎಡಗೈ ನನ್ನ ಕಿವಿಯ ಮೇಲಿತ್ತು.

ಎದ್ದು ಬಂದು ಮಗಳ ಕೈಯಿಂದ ಲೈಟರ್ ತೆಗೆದುಕೊಂಡ. ಗೂಡಿನಿಂದ ಬೆಂಕಿಪೊಟ್ಟಣ ಎತ್ತಿ, ಒಣಗಿದೆಯೇ ಎಂದು ಪಂಚೆಯ ಅಂಚಿನಲ್ಲಿ ಒಮ್ಮೆ ಒರೆಸಿ, ನನ್ನ ಅಂಗೈಯಲ್ಲಿಟ್ಟ.

"ಕಡ್ಡಿ ಗೀರು ಅಕ್ಕ" ಅಂದ.