ಪಾರ್ಸಲ್ ಮಾತ್ರ

ಆ ಎರಡು ಶಬ್ದ ಈಗಲೂ ಎಲ್ಲಾದರೂ ಕಣ್ಣಿಗೆ ಬಿದ್ದರೆ ನನಗೆ ಬಾಯೆಲ್ಲ ಕಹಿಯಾಗುತ್ತದೆ. ಕೊರೊನಾದ ಮೊದಲ ವರ್ಷ, ತಿಂಗಳುಗಟ್ಟಲೆ ಬೀಗ ಹಾಕಿಸಿದ ಮೇಲೆ ಸರ್ಕಾರ ನಮ್ಮಂಥವರ ಮೇಲೆ ಕರುಣೆ ತೋರಿ ಕೊಟ್ಟ ಅಪ್ಪಣೆ ಅದು. ಠಾಣೆ ಶಹರದ ವಾಗ್ಳೆ ಎಸ್ಟೇಟ್ ಎಂಬ ಫ್ಯಾಕ್ಟರಿಗಳ ಪ್ರದೇಶದಲ್ಲಿ ನಮ್ಮದೊಂದು ಖಾನಾವಳಿ. ನಾನೂ ನನ್ನ ಗಂಡನೂ ವಿಜಯಪುರದ ಕಡೆಯವರು. ಜೋಳದ ರೊಟ್ಟಿ, ಪಲ್ಯ, ಬೇಳೆ ಸಾರು, ಅನ್ನ, ಇಷ್ಟೇ ನಮ್ಮ ವಿದ್ಯೆ. ಉಣ್ಣಲು ಬರುವವರು ಸುತ್ತಲಿನ ಫ್ಯಾಕ್ಟರಿ, ಗೋದಾಮುಗಳ ಆಳುಗಳು, ಹೆಚ್ಚಿನವರು ಕಲಬುರಗಿ, ರಾಯಚೂರಿನವರು.

ಟೀವಿಯಲ್ಲಿ ದೊಡ್ಡವರು ಬಂದು ಆರ್ಥಿಕತೆಯನ್ನು ಮತ್ತೆ ಹಳಿಯ ಮೇಲೆ ತರುತ್ತೇವೆ ಎನ್ನುತ್ತಿದ್ದರು. ಯಾವ ಹಳಿಯಪ್ಪ? ಠಾಣೆಯ ಹಳಿಯ ಮೇಲೆ ಓಡುತ್ತಿದ್ದ ಲೋಕಲ್ ರೈಲಿಗೆ ನಮ್ಮಂಥವರನ್ನು ಹತ್ತಗೊಡುತ್ತಿರಲಿಲ್ಲ. ನಮ್ಮಲ್ಲಿ ರೊಟ್ಟಿ ಬಡಿಯಲು ಡೊಂಬಿವಲಿಯಿಂದ ಬರುತ್ತಿದ್ದ ಹೆಂಗಸು ಅತ್ಯಾವಶ್ಯಕ ಅಲ್ಲವಂತೆ, ಹಾಗಾಗಿ ಅವಳು ಮನೆಯಲ್ಲೇ ಉಳಿದಳು. ರೊಟ್ಟಿ ಅತ್ಯಾವಶ್ಯಕ ಅಲ್ಲದಿದ್ದರೆ ಇನ್ನೇನು, ಇವರ ಭಾಷಣವೇ? ನಮಗಿಂತ ಮೊದಲು ಹೆಂಡದಂಗಡಿ ತೆರೆಸಿದರು. ಆಮೇಲೆ ಫ್ಯಾಕ್ಟರಿ ತೆರೆಸಿದರು. ಒಂದೇ ಶೆಡ್ಡಿನಲ್ಲಿ ಭುಜಕ್ಕೆ ಭುಜ ತಾಗಿಸಿ ದುಡಿಯಬಹುದು, ಅಲ್ಲಿಗೆ ಹೋಗಲು ಟೆಂಪೋದಲ್ಲಿ ಕುರಿಗಳ ಹಾಗೆ ತುಂಬಿಕೊಳ್ಳಬಹುದು. ನನ್ನ ಬೆಂಚಿನ ಮೇಲೆ ನಾಲ್ಕು ಜನ ಕೂತು ಉಂಡರೆ ಮಾತ್ರ ದೇಶಕ್ಕೆ ಗಂಡಾಂತರ. ಬೆಂಚುಗಳನ್ನೆಲ್ಲ ಮಗುಚಿ ಒಂದರ ಮೇಲೊಂದು ಪೇರಿಸಿಟ್ಟೆವು.

ಪಾರ್ಸಲ್ ಒಯ್ದವನು ಅದನ್ನು ಎಲ್ಲಿ ಕೂತು ಉಣ್ಣಬೇಕು ಎಂಬುದನ್ನು ಅಪ್ಪಣೆ ಬರೆದ ಪುಣ್ಯಾತ್ಮ ಬರೆದಿರಲಿಲ್ಲ. ಅವನಿಗೆ ಮನೆ ಇದ್ದಿರಬೇಕು. ನಮ್ಮ ಗಿರಾಕಿಗಳಿಗೆ ಇದ್ದದ್ದು ಹತ್ತು ಜನಕ್ಕೊಂದು ಖೋಲಿ, ಅದೂ ದೂರ. ಫ್ಯಾಕ್ಟರಿಯ ಕ್ಯಾಂಟೀನಿಗೂ ಬೀಗ. ಅವರೆಲ್ಲ ನಮ್ಮೆದುರಿನ ಗಟಾರದ ಅಂಚಿನಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಸಾರು ಹೀರುತ್ತಿದ್ದರು. ಗಟಾರದಲ್ಲಿ ಯಾರೋ ಬಿಸಾಕಿದ ಮಾಸ್ಕುಗಳು ಉಬ್ಬಿಕೊಂಡು ತೇಲುತ್ತಿದ್ದವು. ಮಳೆ ಬಂದ ದಿನ ಆ ನೀರು ಅವರ ಚಪ್ಪಲಿಯತನಕ ಬರುತ್ತಿತ್ತು. ಥೂ! ರೋಗ ಹಬ್ಬಬಾರದು ಅಂತ ಮಾಡಿದ ವ್ಯವಸ್ಥೆ ಇದು.

ಅವರಲ್ಲಿ ಒಬ್ಬರನ್ನು ನಾವು ಕಾಕಾ ಅನ್ನುತ್ತಿದ್ದೆವು. ರಾಯಚೂರಿನ ಕಡೆಯವರು, ಅರವತ್ತರ ಆಸುಪಾಸು, ಹನ್ನೆರಡು ವರ್ಷದಿಂದ ನಮ್ಮಲ್ಲೇ ಮಧ್ಯಾಹ್ನದ ಊಟ. ಹಿಂದೊಮ್ಮೆ ಟ್ರಕ್ಕಿನಿಂದ ಬಿದ್ದು ಅವರ ಬಲ ಮೊಣಕಾಲು ಮಡಚುತ್ತಿರಲಿಲ್ಲ. ಗೋದಾಮಿನಲ್ಲಿ ನಿಂತುಕೊಂಡೇ ಚೀಲ ಹೊಲಿಯುತ್ತಿದ್ದರು. ನೆಲಕ್ಕೆ ಕೂರಲಾಗದು, ಬೆಂಚೇ ಬೇಕು. ದಿನಕ್ಕೆ ಅವರು ಕೂರುವುದೆಂದರೆ ನಮ್ಮಲ್ಲಿ ಉಣ್ಣುವ ಆ ಅರ್ಧ ಗಂಟೆ. ಈಗ ಅದೂ ಹೋಯಿತು. ಲೈಟ್ ಕಂಬಕ್ಕೆ ಒರಗಿ, ರೊಟ್ಟಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಒಂದು ಕೈಯಲ್ಲಿ ಪಲ್ಯದ ಚೀಲ ಹಿಡಿದು ಉಣ್ಣುತ್ತಿದ್ದರು. ಮೂರನೆಯ ದಿನ ಚೀಲ ಕೈಜಾರಿ ಗಟಾರಕ್ಕೆ ಬಿತ್ತು. ಅವರು ಅದನ್ನು ನೋಡುತ್ತಾ ಒಣ ರೊಟ್ಟಿಯನ್ನೇ ಅಗಿದರು. ನಾನು ಬಾಗಿಲಿಗೆ ಬಂದು ಕರೆದೆ.

"ಒಳಗ ಬರ್ರಿ ಕಾಕಾ. ಹಿಟ್ಟಿನ ಚೀಲದ ಹಿಂದ ಒಂದು ಬೆಂಚ್ ಹಾಕ್ತೀನಿ."

"ಏಯ್, ತಲಿ ನೆಟ್ಟಗೈತಿಲ್ಲ ನಿಂದು?" ಎಂದರು ನನ್ನ ಗಂಡ. "ಅಂಗಡಿಗೆ ಸೀಲ್ ಜಡದ್ರ ಗಂಟು ಕಟ್ಕೊಂಡು ಊರಿಗೆ ಹೋಗೂದ ನೋಡು."

"ಹೋಗೂಣ ಏಳ್ರಿ. ಉಣ್ಣೋ ಮನಿಶಾನ್ನ ನಿಲ್ಲಿಸಿ ನೀಡೂದು ನನ್ನ ಕೈಲೆ ಆಗಂಗಿಲ್ಲ."

ಎಷ್ಟು ಜೋರು ನೋಡಿ ನನ್ನ ಬಾಯಿ! ಕಾಕಾ ಬಂದು ಕೂತರು, ಕಾಲು ಚಾಚಿದರು. "ಕುಂತು ಉಂಡ್ರ ಊಟ ಅನಸ್ತದ ನೋಡು ಯವ್ವಾ" ಎಂದರು. ಹೀಗೆ ಎಂಟು ಹತ್ತು ದಿನ ನಡೆಯಿತು.

ಆಮೇಲೊಂದು ಮಧ್ಯಾಹ್ನ ತಪಾಸಣೆಯ ಸಾಹೇಬನೊಬ್ಬ ಬಂದ. ನೆಟ್ಟಗೆ ಹಿಟ್ಟಿನ ಚೀಲದ ಹಿಂದಕ್ಕೆ ಹೋಗಿ ಇಣುಕಿದ. ಕಾಕಾ ಎರಡನೆಯ ರೊಟ್ಟಿ ಮುರಿಯುತ್ತಿದ್ದರು. "ಯೇ ಕ್ಯಾ ಹೈ? ಸೀಲ್ ಕರ್ ದೂಂ ಕ್ಯಾ?" ಎಂದು ಶುರುವಾದವನು ಅಂತರ, ಶಿಸ್ತು, ದೇಶ, ಜವಾಬ್ದಾರಿ ಎಂದು ನಿಲ್ಲಿಸದೆ ಕೊರೆದ. ನನ್ನ ಗಂಡ ಕೈಮುಗಿದು ನಿಂತಿದ್ದರು. ಕಾಕಾನ ತುತ್ತು ಕೈಯಲ್ಲೇ ಇತ್ತು. ಅಷ್ಟರಲ್ಲಿ ಸಾಹೇಬನ ಮೂಗಿಗೆ ಒಲೆಯ ಮೇಲಿನ ವಾಸನೆ ಬಡಿಯಿತು. ಮಾಸ್ಕನ್ನು ಗದ್ದಕ್ಕೆ ಇಳಿಸಿ, ದನಿಯನ್ನೂ ಇಳಿಸಿ, "ವಹಿನಿ, ವಾಂಗ್ಯಾಚಿ ಭಾಜಿ ಆಹೆ ಕಾ? ಗರಮ್ ಭಾಕರಿ?" ಎಂದು ನನ್ನನ್ನು ಅತ್ತಿಗೆ ಮಾಡಿಕೊಂಡು, ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ ಇದೆಯಾ ಅಂತ ಕೇಳಿದ. ಅಂದು ಎಣ್ಣೆಗಾಯಿ ಮಾಡಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಅವತ್ತೇ.

ಶಟರನ್ನು ಅರ್ಧ ಎಳೆಯಲು ಅವನೇ ಹೇಳಿದ. ಆಮೇಲೆ ಸುತ್ತ ನೋಡಿದ. ಕೂರಲು ಇದ್ದದ್ದು ಒಂದೇ ಬೆಂಚು.

ಇಲ್ಲಿ ಸುಳ್ಳು ಹೇಳಲಾರೆ. ಆ ಮುದುಕನನ್ನು ಎಬ್ಬಿಸು ಎಂದು ಸಾಹೇಬ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ ಅವನಿಗೆ. "ಕಾಕಾ, ಏಳ್ರಿ, ಲಗೂ ಏಳ್ರಿ" ಎಂದವಳು ನಾನು. ಅವರು ಹಿಟ್ಟಿನ ಚೀಲಕ್ಕೆ ಕೈ ಊರಿ ಆ ಕಾಲನ್ನು ಎಳೆದುಕೊಂಡು ಏಳುವಷ್ಟರಲ್ಲಿ ಅವರ ತಟ್ಟೆಯಲ್ಲಿದ್ದ ಮುರಿದ ರೊಟ್ಟಿ, ಪಲ್ಯ, ಅನ್ನ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು, ದಾರ ಸುತ್ತಿ, ಕೈಗೆ ತುರುಕಿದೆ. ಬಗ್ಗಿ, ಅರ್ಧ ಶಟರಿನ ಕೆಳಗೆ ನುಸುಳಿ ಅವರು ಹೊರಗೆ ಹೋದರು. ನಾನು ಸೆರಗಿನಿಂದ ಬೆಂಚು ಒರೆಸಿ, ನಗುನಗುತ್ತಾ "ಬೈಠಿಯೇ ಸಾಹೇಬ್" ಎಂದೆ.

ನಾಲ್ಕು ರೊಟ್ಟಿ ತಿಂದ. ಎಣ್ಣೆ ಅಂಟಿದ ಬೆರಳುಗಳನ್ನು ಒಂದೊಂದಾಗಿ ನೆಕ್ಕಿದ. ಜೋರಾಗಿ ತೇಗಿ, ನಿಯಮ ಅಂದರೆ ನಿಯಮ, ಇನ್ನು ಮುಂದೆ ಹುಷಾರು ಎಂದು ಹೇಳಿ ಹೋದ. ಅಂಗಡಿ ಉಳಿಯಿತು. "ಪಾಡ ಮಾಡಿದಿ" ಎಂದು ಮೆಚ್ಚಿಕೊಂಡರು ನನ್ನ ಗಂಡ. ಅವನ ಎಂಜಲು ತಟ್ಟೆಯನ್ನು ಎರಡೆರಡು ಸಲ ತಿಕ್ಕಿ ತೊಳೆದೆ. ಅವನ ಮೇಲಿನ ಹೇಸಿಗೆ ಒಂದು ಪಾಲಾದರೆ ನನ್ನ ಮೇಲಿನದು ಮೂರು ಪಾಲು. ಅವನಿಗೆ ನಾಚಿಕೆ ಅನ್ನುವುದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತಲ್ಲ!

ಮಳೆಗಾಲ ಮುಗಿದ ಮೇಲೆ ಇನ್ನೊಂದು ಅಪ್ಪಣೆ ಬಂತು. ಅರ್ಧ ಜನರನ್ನು ಕೂರಿಸಿ ಉಣ್ಣಲು ನೀಡಬಹುದು. ಬೆಂಚುಗಳನ್ನು ಇಳಿಸಿ, ಸೋಪು ಹಾಕಿ ತಿಕ್ಕಿ ತೊಳೆದು, ಕೈ ಒರೆಸಿಕೊಳ್ಳುತ್ತಾ ನಾನೇ ಲೈಟ್ ಕಂಬದ ಹತ್ತಿರ ಹೋದೆ. ಅಷ್ಟೂ ತಿಂಗಳು ಕಾಕಾ ದಿನಾ ಬಂದು ಪಾರ್ಸಲ್ ಒಯ್ಯುತ್ತಿದ್ದರು. ಆ ದಿನದ ಮಾತನ್ನು ಅವರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

"ಕಾಕಾ, ಈಗ ಸರ್ಕಾರನ ಹೂಂ ಅಂದೈತಿ. ಯಾರ ಅಂಜಿಕಿನೂ ಇಲ್ಲ. ಒಳಗ ಬರ್ರಿ, ಕುಂದರ್ರಿ."

ಅವರು ನಕ್ಕರು. ಸಿಟ್ಟಿನ ನಗೆ ಅಲ್ಲ ಅದು, ಸಿಟ್ಟಾಗಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ.

"ಇರಲಿ ಬಿಡು ಯವ್ವಾ" ಎಂದರು. "ನಿಂತು ಉಂಡ್ರ ಯಾರೂ ಎಬ್ಬಸಂಗಿಲ್ಲ."