ಜಂಬಯ್ಯನ ಕೈಗುಣಕ್ಕೆ ಮೋಟರ್ ಕೂರಿಸಿದ್ದು

ಹರಿಹರದ ಜಂಬಯ್ಯನಿಗೆ ಐವತ್ತೇಳು ವರ್ಷ. ಅದರಲ್ಲಿ ಮೂವತ್ತು ವರ್ಷ ಅವನ ಬಲಗೈ ಅವನದಾಗಿರಲಿಲ್ಲ, ಊರಿನದಾಗಿತ್ತು. ಕೈಗುಣ ಒಳ್ಳೆಯದು ಎಂದು ಯಾರೋ ಒಮ್ಮೆ ಅಂದರು. ಅಂದವರು ಯಾರೆಂದು ಯಾರಿಗೂ ನೆನಪಿಲ್ಲ, ಅಂದದ್ದು ಮಾತ್ರ ಎಲ್ಲರಿಗೂ ನೆನಪಿದೆ. ಅವನು ಒಲೆಯ ಮೇಲೆ ಕೂರಿಸಿಕೊಟ್ಟ ಹೆಂಚಿಗೆ ಇವತ್ತಿನವರೆಗೂ ಬೆಣ್ಣೆದೋಸೆ ಅಂಟಿಲ್ಲವಂತೆ. ಅವನು ಸ್ವಿಚ್ ಒತ್ತಿದ ಬೋರ್‌ವೆಲ್ ಬತ್ತಿಲ್ಲವಂತೆ. ಬತ್ತಿದ ಬೋರ್‌ವೆಲ್ಲುಗಳ ಸ್ವಿಚ್ಚನ್ನೂ ಅವನೇ ಒತ್ತಿದ್ದ, ಆದರೆ ಅವು ಬತ್ತಿದ್ದಕ್ಕೆ ಅಂತರ್ಜಲ ಕಾರಣ.

ಈ ಕೈಗುಣವನ್ನು ಒಪ್ಪದವಳು ಊರಿನಲ್ಲಿ ಒಬ್ಬಳೇ, ಅವನ ಹೆಂಡತಿ ದ್ರಾಕ್ಷಾಯಣಮ್ಮ. ಅದೇ ಕೈ ನೆಟ್ಟ ಮಲ್ಲಿಗೆ ಬಳ್ಳಿ ಮೂರು ಸಲ ಒಣಗಿದ್ದನ್ನು ಆಕೆ ಹತ್ತಿರದಿಂದ ಕಂಡಿದ್ದಳು.

ಜಂಬಯ್ಯ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ ಉಳಿದವರು ಬರಿಗೈಯಲ್ಲಿ ಹೊರಬಂದರು. ಇವನು ಹರಾಜಿನಲ್ಲಿ ಒಂದು ಮಿಲ್ಲಿಂಗ್ ಮಷೀನು ಹಿಡಿದು ಹೊರಬಂದ. ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಮೇಲೆ ಗಿರಗಿರ ತಿರುಗುವ ಕಟರ್, ಕೆಳಗೆ ಕಬ್ಬಿಣ ಬಿಗಿಯುವ ಹಾಸು. ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲೆ ಕೆಳಕ್ಕೆ ಸರಿಸಲು ಮೂರು ಕೈಚಕ್ರ. ಮನೆಯ ಪಕ್ಕದ ಷೆಡ್ಡಿನಲ್ಲಿ ಅದನ್ನಿಟ್ಟು, ದಿನಕ್ಕೆ ಎಂಟು ಗಂಟೆ ಆ ಚಕ್ರಗಳನ್ನು ತಿರುಗಿಸಿ, ಮೆಕ್ಕೆಜೋಳ ಬಿಡಿಸುವ ಯಂತ್ರಗಳ ಶಾಫ್ಟಿಗೆ ಸೀಳು ಕೊರೆದುಕೊಡುತ್ತಿದ್ದ. ಗಾಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಸಣ್ಣ ಬೆಣೆ ಕೂರುವ ಸೀಳು ಅದು. ಯಾವ ವರ್ಕ್‌ಶಾಪಿನಲ್ಲಾದರೂ ಕೊರೆಯುತ್ತಾರೆ. ಆದರೂ ಜನ ಜಂಬಯ್ಯನ ಕೈಯೇ ಆಗಬೇಕೆಂದು ದಾವಣಗೆರೆಯ ಎಷ್ಟೋ ವರ್ಕ್‌ಶಾಪು ದಾಟಿಕೊಂಡು ಬರುತ್ತಿದ್ದರು.

ಒಂದು ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳಲು ಎತ್ತಿದ ಕೈ ಎದೆಯ ಮಟ್ಟದಲ್ಲೇ ನಿಂತಿತು. ಕೈಕೊಡುವುದೆಂದರೆ ಏನೆಂದು ಜಂಬಯ್ಯನಿಗೆ ಅವತ್ತು ಗೊತ್ತಾಯಿತು. ದಾವಣಗೆರೆಯ ಮೂಳೆ ಡಾಕ್ಟರು ಭುಜ ಬಿಗಿದುಕೊಂಡಿದೆ ಎಂದರು. ಚಕ್ರ ತಿರುಗಿಸುವುದನ್ನು ಬಿಡದಿದ್ದರೆ ತೋಳು ಇದ್ದೂ ಇಲ್ಲದಂತಾಗುತ್ತದೆ ಎಂದರು. ಬಿಟ್ಟರೆ ಷೆಡ್ಡು ಇದ್ದೂ ಇಲ್ಲದಂತಾಗುತ್ತದೆ ಎಂದು ಜಂಬಯ್ಯ ಡಾಕ್ಟರಿಗೆ ಹೇಳಲಿಲ್ಲ, ಊರಿಗೆ ಮರಳುವ ಬಸ್ಸು ದಾರಿಯ ಬಾತಿ ಗ್ರಾಮ ದಾಟುವಾಗ ತನಗೆ ತಾನೇ ಹೇಳಿಕೊಂಡ.

ಡಾಕ್ಟರು ಅವನನ್ನು ದಾವಣಗೆರೆಯದೇ ವಿದ್ಯಾನಗರದ ರೂಪಶ್ರೀ ಎಂಬ ಫಿಸಿಯೋಥೆರಪಿಯವರ ಹತ್ತಿರ ಕಳಿಸಿದ್ದರು. ಅವರು ಅವನನ್ನು ಗೋಡೆಯ ಮುಂದೆ ನಿಲ್ಲಿಸಿದರು. ಗೋಡೆಯ ಮೇಲೆ ಒಂದು ಚಕ್ರ, ಚಕ್ರಕ್ಕೊಂದು ಹಿಡಿ. ವಾರಕ್ಕೆರಡು ಸಲ ಬಂದು ಹತ್ತು ನಿಮಿಷ ನಿಧಾನಕ್ಕೆ ತಿರುಗಿಸಬೇಕು ಎಂದರು. ಇದರ ಹಿಂದೆ ಏನು ಸರಿಯುತ್ತದೆ ಎಂದು ಜಂಬಯ್ಯ ಬಗ್ಗಿ ನೋಡಿದ. ಏನೂ ಸರಿಯುತ್ತಿರಲಿಲ್ಲ. ಚಕ್ರ ಬಿಡಿ ಎಂದು ಒಬ್ಬರು, ಚಕ್ರ ಹಿಡಿ ಎಂದು ಇನ್ನೊಬ್ಬರು. ಕೇಳಿದ್ದಕ್ಕೆ ರೂಪಶ್ರೀ, ಅದು ದುಡಿಮೆ, ಇದು ವ್ಯಾಯಾಮ ಎಂದು ಬಿಡಿಸಿ ಹೇಳಿದರು. ಕಬ್ಬಿಣ ಕೊರೆದರೆ ನೋವು, ಗಾಳಿ ಕೊರೆದರೆ ಗುಣ ಎಂದು ಜಂಬಯ್ಯ ಅರ್ಥ ಮಾಡಿಕೊಂಡ.

ದಾರಿ ತೋರಿಸಿದವಳು ನುಜತ್. ಕಾರ್ಖಾನೆಯಲ್ಲಿ ಜಂಬಯ್ಯನ ಪಕ್ಕದ ಮಷೀನಿನಲ್ಲಿದ್ದ ಶಬ್ಬೀರನ ಮಗಳು, ಡಿಪ್ಲೊಮಾ ಓದಿ ದಾವಣಗೆರೆಯಲ್ಲಿ ಯುಪಿಎಸ್, ಕಂಪ್ಯೂಟರ್ ಬೋರ್ಡುಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಳು. ಭುಜದ ಸುದ್ದಿ ಕೇಳಿ ನೋಡಲು ಬಂದವಳು ಭುಜ ಬಿಟ್ಟು ಮಷೀನು ನೋಡುತ್ತ ನಿಂತಳು.

"ಕಾಕಾ, ಈ ಮೂರು ಚಕ್ರ ಕಿತ್ತು ಮೂರು ಮೋಟರ್ ಹಾಕಾಣ. ನೀವು ಕಂಪ್ಯೂಟರಿಗೆ ಹೇಳಿದ್ರೆ ಸಾಕು."

"ಅದು ಹೇಳಿದ ಮಾತು ಕೇಳ್ತೈತೇನವ್ವ?"

"ಮನ್ಯಾಗಿನೋರಿಗಿಂತ ಚಲೋ ಕೇಳ್ತೈತೆ," ಎಂದಳು ಒಳಗಿನಿಂದ ದ್ರಾಕ್ಷಾಯಣಮ್ಮ. ಯಾರನ್ನು ಕುರಿತು ಅಂದಳೆಂದು ಜಂಬಯ್ಯ ವಿಚಾರಿಸಲಿಲ್ಲ.

ಒಂದೂವರೆ ತಿಂಗಳು ಷೆಡ್ಡಿನಲ್ಲಿ ಮಷೀನಿನ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಮೊದಲು ನುಜತ್ ಹಳೆಯ ತಿರುಪುಗಳಿಗೇ ಮೋಟರ್ ಜೋಡಿಸಿ ಒಂದು ವೃತ್ತ ಕೊರೆಸಿದಳು. ಬಂದದ್ದು ಹೊಸ ಸೊಸೆ ಲಟ್ಟಿಸಿದ ಚಪಾತಿ. ತಿರುಪುಗಳು ಸವೆದಿದ್ದವು, ದಿಕ್ಕು ಬದಲಿಸಿದಾಗ ಹಾಸು ಅಲುಗುವ ಮೊದಲು ತಿರುಪು ಸ್ವಲ್ಪ ದೂರ ಸುಮ್ಮನೆ ತಿರುಗುತ್ತಿತ್ತು. ಎಷ್ಟು ಹೆಚ್ಚು ತಿರುಗಿಸಬೇಕೆಂಬುದು ಜಂಬಯ್ಯನ ಕೈಗೆ ಗೊತ್ತಿತ್ತು. ಕೈಗೆ ಗೊತ್ತಿದೆ ಎಂಬುದು ಜಂಬಯ್ಯನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಊರು ಕೈಗುಣ ಅಂದದ್ದು ಇದನ್ನೇ ಇರಬಹುದೇ ಎಂದು ಅವನಿಗೆ ಒಂದು ಗಳಿಗೆ ಅನುಮಾನ ಬಂತು. ನುಜತ್ ಹಳೆಯ ತಿರುಪು ತೆಗೆದು, ಒಳಗೆ ಉಕ್ಕಿನ ಗುಂಡುಗಳಿದ್ದು ಸಡಿಲವೇ ಇಲ್ಲದ ಹೊಸ ತಿರುಪು ಹಾಕಿದಳು. ವೃತ್ತ ವೃತ್ತವಾಯಿತು, ಅನುಮಾನ ಅಲ್ಲಿಗೆ ನಿಂತಿತು.

ಹಸಿರು ಬಟನ್ ಒತ್ತಿದರೆ ಸಾಕು, ಮಷೀನು ತಾನೇ ಇಳಿದು, ತಾನೇ ಸರಿದು, ಕೂದಲೆಳೆಯಷ್ಟೂ ತಪ್ಪದೆ ಸೀಳು ಕೊರೆಯುತ್ತಿತ್ತು. ಜಂಬಯ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಚಹಾ ಕುಡಿದ. ಮೂವತ್ತು ವರ್ಷದಲ್ಲಿ ಚಹಾ ಬಿಸಿಯಿರುವಾಗಲೇ ಕುಡಿದದ್ದು ಅದೇ ಮೊದಲು.

ಆಗಲೇ ಶಾಮನೂರಿನ ಶಿವಯೋಗಪ್ಪ ಬಂದರು. ಹೊಲ, ಮೆಕ್ಕೆಜೋಳದ ವ್ಯಾಪಾರ, ಬಾಡಿಗೆಗೆ ಬಿಡುವ ಹತ್ತಾರು ಜೋಳ ಬಿಡಿಸುವ ಯಂತ್ರ, ಎಲ್ಲ ಇದ್ದ ದೊಡ್ಡ ಗಿರಾಕಿ. ಅವರು ಒಮ್ಮೆ ಮಷೀನು ನೋಡಿದರು, ಒಮ್ಮೆ ಕುರ್ಚಿ ನೋಡಿದರು.

"ಇದನ್ನ ಮಾಡಾಕತ್ತಿರೋರು ಯಾರ್ರಿ?"

ಜಂಬಯ್ಯ ಹೆಮ್ಮೆಯಿಂದ ಕಂಪ್ಯೂಟರ್ ತೋರಿಸಿದ.

"ಅದಕ್ಕೆ ಕೈ ಎಲ್ಲೈತ್ರಿ?"

ಶಿವಯೋಗಪ್ಪ ತಂದ ಶಾಫ್ಟನ್ನು ಕಾರಿನಿಂದ ಇಳಿಸಲೇ ಇಲ್ಲ. ಕಂಪ್ಯೂಟರಿನಿಂದ ಮಾಡಿಸುವುದಾದರೆ ದಾವಣಗೆರೆಯಲ್ಲೇ ಮಾಡಿಸಬಹುದಲ್ಲ ಎಂದು, ಬೈಯದೆ, ಬೇಸರದಿಂದ ಹೇಳಿಹೋದರು. ವಾರದೊಳಗೆ ಜಂಬಯ್ಯ ಕೈಬಿಟ್ಟನಂತೆ ಎಂಬ ಸುದ್ದಿ ಹರಿಹರ, ದಾವಣಗೆರೆ ಎರಡೂ ಊರಿನಲ್ಲಿ ಹಬ್ಬಿತು. ಗಿರಾಕಿಗಳು ಬಂದು, ಇಣುಕಿ, ಕುರ್ಚಿ ಕಂಡು ಹೋಗುತ್ತಿದ್ದರು. ಭುಜಕ್ಕೆ ಬೇಕಾದ ವಿಶ್ರಾಂತಿ ಈಗ ಬೇಕಾದ್ದಕ್ಕಿಂತ ಹೆಚ್ಚೇ ಸಿಗತೊಡಗಿತು.

ಇಪ್ಪತ್ತು ದಿನ ಕೈಕಟ್ಟಿ ಕೂತ ಮೇಲೆ ಜಂಬಯ್ಯ ತಲೆ ಓಡಿಸಿದ. ಒಂದು ಮೋಟರಿನ ಹಿಂಬದಿಯಿಂದ ಅರ್ಧ ಗೇಣು ದಂಡ ಹೊರಚಾಚಿಕೊಂಡಿತ್ತು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕೈಚಕ್ರ ತಂದು ಅದಕ್ಕೆ ಸಿಕ್ಕಿಸಿದ. ಮೋಟರ್ ತಿರುಗಿದರೆ ಚಕ್ರವೂ ತಿರುಗುತ್ತದೆ. ಚಕ್ರದ ಹಿಡಿಯ ಮೇಲೆ ಕೈಯಿಟ್ಟು ನಿಂತರೆ ಕೈಯೂ ತಿರುಗುತ್ತದೆ. ನೋಡುವವರಿಗೆ ಯಾರು ಯಾರನ್ನು ತಿರುಗಿಸುತ್ತಿದ್ದಾರೆಂದು ಹೇಗೆ ಗೊತ್ತಾಗಬೇಕು?

ಗಿರಾಕಿಗಳು ಮರಳಿದರು. ಕಂಪ್ಯೂಟರಿನ ಪರದೆಯ ಮೇಲೆ ದ್ರಾಕ್ಷಾಯಣಮ್ಮನ ಹಳೆಯ ಟವೆಲ್ ಹೊದಿಸಲಾಯಿತು. ಒಂದೇ ತೊಂದರೆ, ಕೊರೆದು ಮುಗಿದ ಮೇಲೆ ಮಷೀನು ಸರ್ರನೆ ಹಿಂದಕ್ಕೆ ಓಡುವಾಗ ಚಕ್ರದ ಹಿಡಿ ಗೆಣ್ಣಿಗೆ ಬಡಿಯುತ್ತಿತ್ತು. ವೇಗ ಕಡಿಮೆ ಮಾಡೆಂದು ಜಂಬಯ್ಯ ನುಜತಳನ್ನು ಕೇಳಿಕೊಂಡ. ಎಷ್ಟು ಕಡಿಮೆ ಎಂದು ಅವಳು ಕೇಳಿದಳು. ಐವತ್ತೇಳು ವರ್ಷದವನಷ್ಟು ಎಂದ.

"ಕಾಕಾ, ಒಂದೂವರೆ ತಿಂಗಳು ಕುತ್ಗಂಡು ಮಷೀನಿಗೆ ಓಡಾದು ಕಲಿಸಿದೆ. ಈಗ ಕುಂಟಾದು ಕಲಿಸು ಅಂತೀರಲ್ಲ."

"ಹೊಟ್ಟೆಪಾಡವ್ವ."

ಅವಳು ಕಲಿಸಿದಳು. ಹೀಗೆ ಭುಜ ಉಳಿಸಲೆಂದು ಬಂದ ಯಂತ್ರ ಭುಜವನ್ನು ದಿನಕ್ಕೆ ಎಂಟು ಗಂಟೆ ತಿರುಗಿಸತೊಡಗಿತು. ಮೊದಲಾದರೆ ಸಾಕೆನಿಸಿದಾಗ ಜಂಬಯ್ಯ ಕೈ ನಿಲ್ಲಿಸಬಹುದಿತ್ತು, ಈಗ ಮೋಟರ್ ನಿಂತಾಗ ಮಾತ್ರ. ವಿದ್ಯಾನಗರದ ರೂಪಶ್ರೀ ತೋಳನ್ನು ಎತ್ತಿ, ಇಳಿಸಿ ನೋಡಿ, ಮೊದಲಿಗಿಂತ ಬಿಗಿಯಾಗಿದೆಯಲ್ಲ, ಮನೆಯಲ್ಲಿ ಏನಾದರೂ ತಿರುಗಿಸುತ್ತಿದ್ದೀರಾ ಎಂದರು. ನಾನು ತಿರುಗಿಸುತ್ತಿಲ್ಲ ಎಂದ ಜಂಬಯ್ಯ. ಅದು ಸುಳ್ಳಾಗಿರಲಿಲ್ಲ.

ಮೆಕ್ಕೆಜೋಳದ ಸುಗ್ಗಿ ಹತ್ತಿರ ಬಂತು. ಶಿವಯೋಗಪ್ಪ ಐದು ಶಾಫ್ಟು ಕಳಿಸಿ ಎರಡು ದಿನದಲ್ಲಿ ಬೇಕೆಂದರು. ಆ ಎರಡು ದಿನ ಜಂಬಯ್ಯನ ಕೈ ಚಹಾದ ಲೋಟವನ್ನೂ ಎತ್ತಲಾರದಷ್ಟು ನೊಂದು, ಅವನು ರೂಪಶ್ರೀಯವರ ಮುಂದೆ ಹಲ್ಲು ಕಚ್ಚಿಕೊಂಡು ಕೂತಿದ್ದ. ಇತ್ತ ಹರಿಹರದಲ್ಲಿ ನುಜತ್ ಷೆಡ್ಡಿನ ಬಾಗಿಲು ಹಾಕಿ, ಟವೆಲ್ ತೆಗೆದು, ಚಕ್ರ ಕಿತ್ತಿಟ್ಟು, ಮಷೀನಿಗೆ ಅದರ ವೇಗ ವಾಪಸು ಕೊಟ್ಟು, ಬಟನ್ ಒತ್ತಿದಳು. ಐದೂ ಶಾಫ್ಟು ಒಂದೇ ಮಧ್ಯಾಹ್ನ ಮುಗಿದವು.

ಸುಗ್ಗಿ ಮುಗಿದ ಮೇಲೆ ಶಿವಯೋಗಪ್ಪ ಹಣ್ಣು, ಶಾಲು ಹಿಡಿದುಕೊಂಡು ಬಂದರು. ಆ ಐದು ಯಂತ್ರ ಒಂದು ದಿನವೂ ನಿಂತಿಲ್ಲ, ಬೇರೆ ಕಡೆ ಮಾಡಿಸಿದ ಮೂರು ಯಂತ್ರ ಹೊಲದಲ್ಲೇ ಕೆಟ್ಟು ಕೂತವು ಎಂದರು. ಜಂಬಯ್ಯನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ನೋವಿಗೆ ಜಂಬಯ್ಯನ ಕಣ್ಣಲ್ಲಿ ನೀರು ಬಂತು, ಅದನ್ನವರು ವಿನಯವೆಂದು ತಿಳಿದರು. ಮುಂದಿನ ವರ್ಷಕ್ಕೆ ನಲವತ್ತು ಶಾಫ್ಟು, ನಲವತ್ತಕ್ಕೂ ಇದೇ ಕೈ ಆಗಬೇಕು ಎಂದರು.

ನಲವತ್ತು ಎಂಬ ಮಾತು ಭುಜಕ್ಕೆ ಮೊದಲು ಕೇಳಿಸಿತು. ನುಜತ್ ಅಲ್ಲೇ ಮಷೀನಿಗೆ ಎಣ್ಣೆ ಬಿಡುತ್ತಿದ್ದಳು, ತಲೆ ಎತ್ತಲಿಲ್ಲ. ಶಾಲು ಹೊದ್ದುಕೊಂಡರೆ ತೋಳು ಹೋಗುತ್ತದೆ, ನಿಜ ಹೇಳಿದರೆ ಗಿರಾಕಿ ಹೋಗುತ್ತಾರೆ. ಹೋಗುವುದಾದರೆ ಗಿರಾಕಿಯೇ ಹೋಗಲಿ, ಅವರ ಜೊತೆಗೆ ಈ ಕೈಗುಣದ ಪೀಡೆಯೂ ತೊಲಗಲಿ ಎಂದು ಜಂಬಯ್ಯ ಗಟ್ಟಿಮನಸ್ಸು ಮಾಡಿದ.

"ಯಜಮಾನ್ರೇ, ಆ ಐದನ್ನ ನಾನು ಮುಟ್ಟೇ ಇಲ್ರಿ. ಈ ಹುಡುಗಿ ಬಟನ್ ಒತ್ತಿದ್ಲು, ಮಷೀನು ಮಾಡ್ತು. ಅಷ್ಟೇ."

ಶಿವಯೋಗಪ್ಪ ಮಷೀನಿನ ಹತ್ತಿರ ಹೋದರು. ಟವೆಲ್ ಸರಿಸಿ ಪರದೆ ನೋಡಿದರು. ಬಟನ್ ನೋಡಿದರು. ಆಮೇಲೆ ನುಜತಳ ಎಣ್ಣೆ ಮೆತ್ತಿದ ಬೆರಳು ನೋಡಿದರು.

"ಯಾವ ಬೆರಳಲ್ಲಿ ಒತ್ತಿದ್ಯವ್ವ?"

ಅವಳಿಗೆ ನೆನಪಿರಲಿಲ್ಲ. ತೋರುಬೆರಳೇ ಇರಬೇಕು ಎಂದು ಶಿವಯೋಗಪ್ಪನೇ ತೀರ್ಮಾನಿಸಿದರು. ಶಾಲು ಅವಳ ಹೆಗಲೇರಿತು.

ನಲವತ್ತು ಶಾಫ್ಟು ಬಂದವು. ಅವುಗಳ ಹಿಂದೆ ಬೇರೆಯವರ ಎಂಬತ್ತು ಬಂದವು. ಎಲ್ಲರದೂ ಒಂದೇ ಕರಾರು, ಬಟನ್ ಶಬ್ಬೀರನ ಮಗಳೇ ಒತ್ತಬೇಕು. ಅವಳು ಎಷ್ಟು ಬೈದುಕೊಂಡರೂ ದಾವಣಗೆರೆಯ ಅಂಗಡಿ ಮುಚ್ಚಿಕೊಂಡು ದಿನಾ ಬೆಳಗ್ಗೆ ಹರಿಹರದ ಬಸ್ ಹಿಡಿಯುವಂತಾಯಿತು. ಹೊಸ ಅಂಗಡಿಯ ರಿಬ್ಬನ್ ಕತ್ತರಿಸಲು, ಬೋರ್‌ವೆಲ್ಲಿನ ಸ್ವಿಚ್ ಒತ್ತಲು ಕರೆ ಬರತೊಡಗಿತು. ಷೆಡ್ಡಿನಲ್ಲಿ ಭಾಗೀದಾರಳಾಗಿ ಅವಳ ಹೆಸರು ಬೋರ್ಡಿನ ಮೇಲೆ ಬಂದಾಗ ಜಂಬಯ್ಯನೇ ಎಡಗೈಯಿಂದ ಮೊಳೆ ಹೊಡೆದ.

ಚಕ್ರ ಹಿಡಿಯದ ಭುಜ ನಾಲ್ಕು ತಿಂಗಳಲ್ಲಿ ಸಡಿಲಾಯಿತು. ಕೈ ಕೊನೆಗೂ ಅವನದೇ ಆಯಿತು. ಅದನ್ನು ಇಟ್ಟುಕೊಂಡು ಏನು ಮಾಡುವುದೆಂದು ತಿಳಿಯದೆ, ಮಷೀನಿನಿಂದ ಇಳಿದ ಶಾಫ್ಟುಗಳ ಸೀಳಿನ ಅಂಚಿಗೆ ಅರ ಉಜ್ಜುವ ಕೆಲಸ ಹಿಡಿದ. ಕಟರ್ ಬಿಟ್ಟುಹೋದ ಸಣ್ಣ ಮುಳ್ಳನ್ನು ಹೆಬ್ಬೆರಳಲ್ಲಿ ತಡವಿ ಹುಡುಕಿ ನುಣುಪು ಮಾಡಬೇಕು. ಅದೊಂದು ಮಾತ್ರ ಕಂಪ್ಯೂಟರಿಗೆ ಬರುತ್ತಿರಲಿಲ್ಲ.

ಹಾಗೊಂದು ಮಧ್ಯಾಹ್ನ ಉಜ್ಜುತ್ತ ಕೂತಿದ್ದಾಗ ಶಿವಯೋಗಪ್ಪ ಬಂದು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತು ನೋಡಿ, ಬಗ್ಗಿ, ಶಾಫ್ಟನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡರು.

"ಸಾಕ್ರಿ ಜಂಬಯ್ಯಾರೆ, ಭಾಳ ಮುಟ್ಟಬ್ಯಾಡ್ರಿ. ಆಕಿ ಕೈಗುಣ ಎಲ್ಲ ಉಜ್ಜಿ ಹೋದೀತು."